ಮಾದರಿ ಪಾಠದ ವಿಡಿಯೊ

ಬಸ್ ನಿಲ್ದಾಣದ ಬೆಂಚಿನಲ್ಲಿ ನನ್ನ ಪಕ್ಕ ವಯಸ್ಕರ ಶಾಲೆಯ ಇಬ್ಬರು ಶಿಕ್ಷಕಿಯರು ಕೂತಿದ್ದರು. ತರಬೇತಿ ಮುಗಿಸಿ ಹೊರಟವರು.

“ನಿಮ್ಮ ಪಾಠದ ವಿಡಿಯೊನೇ ಮಾದರಿ ಅಂತ ಸಾಹೇಬ್ರು ತೋರಿಸಿದ್ರಲ್ಲ ಅಕ್ಕಾ. ಟೈಲರಮ್ಮ ಬೋರ್ಡಿನ ಮುಂದೆ ಓದೋಕೆ ತಡವರಿಸ್ದಾಗ ನೀವು ಬಾಯಿ ಹಾಕ್ದೆ ಕಾದಿದ್ದನ್ನ ನೋಡಿ ಕಲೀರಿ ಅಂದ್ರು.”

“ಆ ಟೈಲರಮ್ಮ ಕ್ಲಾಸಿಗೆ ಬರೋದೇ ಬಿಟ್ರು ಕಣೇ.”

“ಯಾಕೆ?”

“ಓದೋಕೆ ಬರಲ್ಲ ಅಂತ ಮನೇಲಿ ಯಾರಿಗೂ ಗೊತ್ತಿರಲಿಲ್ಲ. ದಿನಾ ಪೇಪರ್ ಹಿಡ್ಕೊಂಡು ಕೂರೋರಂತೆ. ಈ ವಿಡಿಯೊನ ಯಾರೋ ಗ್ರೂಪಿಗೆ ಹಾಕಿದ್ರು, ಸೊಸೆ ಫೋನಿಗೂ ಹೋಯ್ತು.”

“ಸಾಹೇಬ್ರಿಗೆ ಹೇಳಿದ್ರಾ?”

“ಹೇಳ್ದೆ. ‘ಏನೇ ಹೇಳಿ ಮೇಡಂ, ವಿಡಿಯೊ ಮಾತ್ರ ತುಂಬಾ ಸಹಜವಾಗಿ ಬಂದಿದೆ’ ಅಂದ್ರು.”

“ನಾಡಿದ್ದು ಕ್ಯಾಮೆರಾ ನನ್ನ ಕ್ಲಾಸಿಗೆ ಬರುತ್ತಂತೆ. ಯಾರನ್ನ ಬೋರ್ಡಿಗೆ ಕರೀಲಿ ಅಕ್ಕಾ?”

“ಸಾಹೇಬ್ರನ್ನೇ ಕರಿ.”

ಬಸ್ಸು ಬಂತು. ಇಬ್ಬರೂ ನಗದೆ ಹತ್ತಿಕೊಂಡರು.