ಕೆರೆ ಏರಿ ಮೇಲಿನ ನೋವು

...ಅಯ್ಯೋ, ಗ್ಯಾಸಲ್ಲ ಕಣ್ರೀ! ಎಷ್ಟ್ ಸಲ ಹೇಳ್ಲಿ? ಶೆಟ್ಟಿಕೆರೇಲಿ ಬಸ್ ಹತ್ತೋವಾಗ್ಲೂ ಅದೇ ಅಂದ್ರಿ, ಈಗ ತಿಪಟೂರಿಗೆ ಬಂದು ಡಾಕ್ಟ್ರ ಜಗಲೀಲಿ ಕುಂತ್ಕಂಡೂ ಅದೇ ಅಂತೀರಿ. ಗ್ಯಾಸಂತೆ ಗ್ಯಾಸು! ಬೆಳಗ್ಗೆ ನಾನು ಎದೆ ಹಿಡ್ಕಂಡಾಗ ಜೀರಿಗೆ ಕಷಾಯ ಕೊಟ್ರಿ, ಕುಡಿದೆ. ಬಸ್‌ಸ್ಟ್ಯಾಂಡಲ್ಲಿ ಸೋಡಾ ಕೊಡಿಸಿದ್ರಿ, ಕುಡಿದೆ. ನಿಮ್ಮಕ್ಕ ಚಿಕ್ಕಗೌರಮ್ಮ ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದ್ರು, ಅದಕ್ಕೂ ಕುಂತೆ. ಇನ್ನೇನ್ ಮಾಡ್ಲಿ?

ಯಾಕ್ ನಗ್ತೀರಿ? ಹೆಂಗಸ್ರಿಗೆ ಎದೆನೋವು ಬರಬಾರ್ದು ಅಂತ ಏನಾದ್ರೂ ಐತಾ? ಹಾರ್ಟು ಅನ್ನೋದು ಪ್ಯಾಟೇಲಿ ಕುಂತು ಉಣ್ಣೋರಿಗೆ, ತೋಟದಲ್ಲಿ ಬೆವರು ಸುರಿಸೋರಿಗಲ್ಲ... ಗೊತ್ತು, ಗೊತ್ತು! ಕಂಡ್ ಕಂಡೋರ ಹತ್ರ ಅದನ್ನೇ ಹೇಳ್ಕಂಡ್ ತಿರುಗ್ತೀರಲ್ಲ.

ಎಲ್ಲಿಗೆ ಹೊಂಟ್ರಿ? ಮತ್ತೊಂದು ಬೀಡೀನಾ? ಕುಂತ್ಕಳಿ! ಅಟ್ಟದಿಂದ ಕೊಬ್ಬರಿ ಇಳಿಸ್ಬೇಕು ಅಂತ ಕುಂತಲ್ಲಿ ಕುಂದರ್ಲಾರ್ದೆ ಒದ್ದಾಡ್ತಿದ್ದೀರಿ. ವರ್ಷವೆಲ್ಲಾ ಅಟ್ಟದಲ್ಲಿ ಕುಂತಿರೋ ಕೊಬ್ಬರಿ ಇನ್ನೊಂದಿನ ಕುಂತಿರ್ತದೆ ಬುಡಿ.

ಏನು? ಕಾಂಪೌಂಡರ್ ಹತ್ರ ಅಷ್ಟೊತ್ತು ಏನ್ ಮಾಡ್ತಿದ್ದೆ ಅಂತಲಾ? ಹೆಸ್ರು ಬರೆಸ್ತಿದ್ದೆ. 'ಸಿದ್ದಮ್ಮ' ಅನ್ನಕ್ಕೆ ಅಷ್ಟೊತ್ತಾ ಅಂತೀರಾ? ಆಯ್ತು, ಆಯ್ತದೆ ನಂಗೆ! ನಗಿ, ನಗಿ. ರೇಷನ್ ಕಾರ್ಡು ಮಾಡ್ಸಕ್ಕೆ ಹೋದಾಗ ಗಂಡನ ಹೆಸ್ರು ಏನಮ್ಮಾ ಅಂದ್ರೆ ಬಾಯಿ ಬಿಡ್ಲಿಲ್ಲ, ಪಕ್ಕದ ಮನೆ ಬೋರಮ್ಮನ ಕೈಲಿ ಹೇಳಿಸ್ದೆ ಅಂತ ಇನ್ನೂ ಆಡ್ಕಂತೀರಲ್ಲ.

ಕಾಯಿ ಸುಲಿದಿದ್ದಕ್ಕೆ ಉಳುಕಿರ್ಬೇಕಾ? ನಿಮ್ಗೆ ಎಲ್ಲದ್ಕೂ ಕಾಯಿ ಸುಲಿದಿದ್ದೇ ಕಾರಣ! ಆ ನೋವು ನಂಗೊತ್ತಿಲ್ವಾ? ಅದು ಕೈ ಎತ್ತಿದ್ರೆ ಎಳೀತದೆ, ಬೆರಳಿಟ್ಟು ಒತ್ತಿದ್ರೆ ಇಲ್ಲೇ ಅಂತ ನೋಯ್ತದೆ, ಎಣ್ಣೆ ತಿಕ್ಕಿ ಬಿಸಿನೀರು ಉಯ್ಕಂಡ್ರೆ ಇಳೀತದೆ. ಗ್ಯಾಸಾದ್ರೆ ಉಂಡ್‌ಮೇಲೆ ಉರೀತದೆ, ತೇಗು ಬಂದ್ರೆ ಹಗುರಾಯ್ತದೆ. ಇದು ಹಂಗಲ್ಲ ಕಣ್ರೀ... ನನ್ ಕಡೆ ತಿರುಗಿ ಕೇಳಿ.

ಇದು ಕೆರೆ ಏರಿ ಹತ್ತೋವಾಗ ಬತ್ತದೆ. ಮೇವಿನ ಹೊರೆ ಹೊತ್ಕಂಡು ಅರ್ಧ ಏರಿ ಹತ್ತಿರ್ತೀವಾ... ಎದೆ ಮೇಲೆ ಬೀಸೋಕಲ್ಲು ಇಟ್ಟಂಗಾಯ್ತದೆ. ಉರಿಯಲ್ಲ, ಚುಚ್ಚಲ್ಲ. ಭಾರ. ಅದು ಎಡಗೈಗೆ ಇಳೀತದೆ, ದವಡೆ ಹಿಡ್ಕಂತದೆ. ಮೈಯೆಲ್ಲಾ ತಣ್ಣನೆ ಬೆವರು. ಬೇವಿನ ಮರದಡಿ ಕುಂತ್ರೆ ಹೋಯ್ತದೆ. ಎದ್ದು ನಡೆದ್ರೆ ಮತ್ತೆ...

ಯಾಕ್ರೀ? ನಗು ಎಲ್ಲಿಗೋಯ್ತು?

ಮೊನ್ನೆ ಅಟ್ಟದ ಏಣಿ ಮೇಲೂ ಬಂತು. ಉಸ್ರು ಸಿಗ್ದೆ ಅರ್ಧ ಏಣೀಲೇ ನಿಂತಿದ್ದು. ಯಾರಾದ್ರೂ ನೋಡಿದ್ರೆ ಅಂತ ಒಂದ್ ಕಾಯಿ ತಗಂಡು, ಒಳಗೆ ಕೊಬ್ಬರಿ ಚಿಪ್ಪು ಬಿಟ್ಟೈತಾ ಅಂತ ಕಿವಿ ಹತ್ರ ಅಲ್ಲಾಡಿಸ್ತಾ... ಅಲ್ಲಾಡಿಸ್ತಾ... ಅದೇ ಕಾಯೀನ ಎಷ್ಟೊತ್ತು!

ಮಾತಾಡಿ. ನಾನ್ಯಾವತ್ತು ಅಟ್ಟ ಹತ್ತಿದ್ದೆ ಅಂತ ಕೇಳಿ! ಯಾವತ್ತಿಂದ ಹಿಂಗಾಯ್ತಾ ಐತೆ ಸಿದ್ದೀ ಅಂತಾದ್ರೂ ಕೇಳಿ! ಹೆಂಡ್ತಿ ಇಷ್ಟೆಲ್ಲಾ ಹೇಳಿದ್ರೆ ಯಾರಾದ್ರೂ ಕೇಳೋ ಮಾತು ಅದು. ನೀವು ಕೇಳ್ತಿಲ್ಲ. ಯಾವತ್ತಿಂದ ಅಂತ ನಿಮ್ಗೆ ಗೊತ್ತಲ್ಲ...

ಹೋದ ವಾರ ತಂಗಿ ಮನೆಗೆ ಅಂತ ಸುಳ್ಳು ಹೇಳಿ ಇಲ್ಲಿಗೇ ಬಂದಿದ್ದೆ. ನೀವು ಬೇವಿನ ಮರದಡಿ ಕುಂತು ಎಡಗೈ, ದವಡೆ ನೀವ್ಕಂತಾ 'ಬೀಸೋಕಲ್ಲು ಇಟ್ಟಂಗೈತಲ್ಲಪ್ಪಾ' ಅಂತ ಗೊಣಗೋದು, ಡಾಕ್ಟ್ರಿಗೆ ಎಲ್ಲಾ ಹೇಳ್ದೆ. ನಡೆದ್ರೆ ಬಂದು ಕುಂತ್ರೆ ಹೋಗೋ ನೋವು ಹಾರ್ಟಿಂದೇ ಇರ್ಬೋದು, ಎದೆಗೆ ತಂತಿ ಅಂಟಿಸೋ ಮಿಷನ್ನಲ್ಲಿ ನೋಡ್ಬೇಕು, ಬೇಗ ಕರ್ಕಂಡ್ ಬನ್ನಿ ಅಂದ್ರು. ಕುಂತಾಗ್ಲೂ ಬಂದ್ರೆ, ಬಂದಿದ್ದು ಹೋಗದಿದ್ರೆ, ಹೊತ್ತು ಗೊತ್ತು ನೋಡ್ಬೇಡಿ, ಯಾವ ಗಾಡಿ ಸಿಕ್ರೂ ಹತ್ತಿಸ್ಕಂಡ್ ಬನ್ನಿ ಅಂದ್ರು. ನಿಮ್ಮನ್ನ ಹೆಂಗ್ರೀ ಕರ್ಕಂಡ್ ಬರ್ಲಿ? ನಿಮ್ಗೆ ಅಂದ್ರೆ ಬತ್ತಿರ್ಲಿಲ್ಲ. ನಂಗೆ ಅಂದ್ರೆ ಕೊಬ್ಬರಿ ಬಿಟ್ಟು ಬಂದ್ರಿ.

ತಗಳಿ, ಕೂಗಿದ್ರು. 'ಶೆಟ್ಟಿಕೆರೆ ಸಣ್ಣತಿಮ್ಮಯ್ಯ!'

ಹಂಗ್ಯಾಕ್ ನೋಡ್ತೀರಿ? ನಾನೇ ಬರೆಸಿದ್ದು. ನೀವು ಆಚೆ ಬೀಡಿ ಸೇದ್ತಿದ್ರಿ. ಸೆರಗು ಬಾಯಿಗಿಟ್ಕಂಡು ಹೇಳ್ದೆ, ಕಾಂಪೌಂಡರಿಗೆ ಕೇಳಿಸ್ಲಿಲ್ಲ. ಆಮೇಲೆ ಸೆರಗು ತೆಗೆದು ಜಗಲಿಗೆಲ್ಲಾ ಕೇಳೋ ಹಂಗೆ ಹೇಳ್ದೆ. ಬಾಯಿ ಬಿಟ್ಟು ಹೇಳಿದ್ರೆ ಗಂಡನ ಆಯಸ್ಸು ಕಮ್ಮಿಯಾಯ್ತದೆ ಅಂತ ನಮ್ಮವ್ವ ಹೆದರಿಸಿದ್ಲು. ಹೇಳದೇ ಸುಮ್ನಿದ್ರೂ ಕಮ್ಮಿಯಾಗೋದು ನೋಡ್ತಾ ಇದ್ನಲ್ಲಾ...

ಮೆಲ್ಲಗೆ ಏಳಿ. ನನ್ ಹೆಗಲು ಹಿಡ್ಕಳಿ. ಯಾರ್ ನೋಡಿದ್ರೆ ನೋಡ್ಲಿ.