ಸದ್ಯಕ್ಕೆ ಎಲ್ಲರಿಗೂ ಇರಲಿ

ಯಾವ ಊರು ಅಂತ ಕೇಳಬೇಡಿ. ಅಲ್ಲೊಬ್ಬ ಶ್ರೀಮಂತ, ಸಿದ್ಧ ಉಡುಪಿನ ಕಾರ್ಖಾನೆ ಇಟ್ಟಿದ್ದ. ಕೆಟ್ಟವನಲ್ಲ, ನೋಡಿ. ಹೊಲಿಗೆಗೆ ಬರುವ ಹೆಣ್ಣುಮಕ್ಕಳಿಗೆ ಅವನೇ ಹೇಳಿದ್ದ: "ಯಾರಾದ್ರೂ ತೊಂದ್ರೆ ಕೊಟ್ರೆ ನನಗೆ ಮೇಲ್ ಬರೀರಮ್ಮ. ನಾನೊಬ್ಬನೇ ಓದೋದು."

ಕಾರ್ಖಾನೆಯ ಮೇಲ್ ಎಲ್ಲ ಇದ್ದದ್ದು ಒಂದು ಸರ್ವರ್‌ನಲ್ಲಿ. ಯಾರ ಮೇಲ್ ಪೆಟ್ಟಿಗೆಯನ್ನಾದರೂ ತೆರೆಯಬಲ್ಲ ಸಲಕರಣೆಯೊಂದು ಅದರಲ್ಲಿತ್ತು. ಅದನ್ನು ನಡೆಸುವ ಅನುಮತಿ ಇದ್ದದ್ದು ಸರ್ವರ್ ನೋಡಿಕೊಳ್ಳುವ ನೌಕರನೊಬ್ಬನಿಗೆ. ಅವನು ರಜೆ ಹಾಕಿದ ದಿನ ಯಾರೋ ಪಾಸ್‌ವರ್ಡ್ ಮರೆತರು, ಪೆಟ್ಟಿಗೆ ತೆರೆದುಕೊಡುವವರಿಲ್ಲದೆ ಕೆಲಸ ನಿಂತಿತು. ಅವನು ಮರಳಿ ಬಂದಾಗ ಶ್ರೀಮಂತ ಸಿಡುಕಿದ: "ಅದೇನು ನಿನ್ನೊಬ್ಬನ ಆಸ್ತೀನಾ? ಎಲ್ಲರಿಗೂ ಬಿಡು." ನೌಕರ ಎದುರಾಡಲಿಲ್ಲ. ಸದ್ಯಕ್ಕೆ ಎಲ್ಲರಿಗೂ ಇರಲಿ, ಆಮೇಲೆ ಸರಿಮಾಡಿದರಾಯಿತು ಎಂದುಕೊಂಡು ಅನುಮತಿ ಸಡಿಲಿಸಿದ. ಆ 'ಆಮೇಲೆ' ಬಂತೇ? ಯಾರ ಮನೆಯಲ್ಲಿ ಬಂದಿದೆ, ಹೇಳಿ.

ಒಬ್ಬ ಹೆಣ್ಣುಮಗಳು ಬರೆದಳು, ಸೂಪರ್‌ವೈಸರ್ ಮೈ ಮುಟ್ಟುತ್ತಾನೆ ಎಂದು. ಧಣಿ ಓದುವ ಮೊದಲೇ ಸೂಪರ್‌ವೈಸರ್ ಓದಿದ. ಬೀಗ ಒಡೆಯಲಿಲ್ಲ, ಗೋಡೆ ಹಾರಲಿಲ್ಲ. ಸಲಕರಣೆ ಅವನಿಗೂ ತೆರೆದೇ ಇತ್ತು. ಮಾರನೆಯ ದಿನ ಹೊಲಿಗೆ ಯಂತ್ರಗಳ ಸಾಲಿನ ನಡುವೆ ನಿಂತು, ಅವಳು ಬರೆದದ್ದನ್ನು ಜೋರಾಗಿ ಓದಿ ನಕ್ಕ. ಎಲ್ಲರೂ ಕೇಳಿದರು. ಆಕೆ ಅರ್ಧ ಹೊಲಿದ ಅಂಗಿ ಬಿಟ್ಟು ಎದ್ದಳು. ಗೇಟಿನಲ್ಲಿ ಎದುರಾದ ಧಣಿಗೆ ಇಷ್ಟೇ ಅಂದಳು: "ನೀವೊಬ್ರೇ ಓದೋದು ಅಂದಿದ್ರಲ್ಲ ಸಾರ್."

ಧಣಿ ಸೂಪರ್‌ವೈಸರ್‌ನನ್ನು ಓಡಿಸಿದ. ಅನುಮತಿಯನ್ನು ಮತ್ತೆ ಬಿಗಿ ಮಾಡಿಸಿದ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ಈಗ ಅಲ್ಲಿ ಎಲ್ಲ ಭದ್ರ. ಆದರೆ ಆ ವಿಳಾಸಕ್ಕೆ ಯಾವ ಹೆಣ್ಣೂ ಬರೆಯುವುದಿಲ್ಲ. ತೊಂದರೆ ತೀರಿತು ಅಂತಲ್ಲ, ನಂಬಿಕೆ ತೀರಿತು.

ಈ ಗುಡಿಯಲ್ಲಿ ಕೂತು ಪ್ರವಚನ ಹೇಳಿ ಹೇಳಿ ನನಗೆ ಸಾಕಾಗಿದೆ. ನೀವು ತಲೆಯಾಡಿಸುತ್ತೀರಿ, ಪ್ರಸಾದ ತೆಗೆದುಕೊಂಡು ಹೋಗುತ್ತೀರಿ. ನಿಮ್ಮಲ್ಲಿ ಕಚೇರಿ ನಡೆಸುವವರಿದ್ದೀರಿ, ಸರ್ವರ್ ನೋಡಿಕೊಳ್ಳುವವರಿದ್ದೀರಿ. ನಾಳೆ ಕೂತ ಕೂಡಲೇ ನೋಡಿ, ಇಂಥ ಸಲಕರಣೆ ಯಾರ್ಯಾರ ಕೈಗೆ ಸಿಗುತ್ತದೆ? ಬೇಕಾದವನಿಗೆ ಬೇಕಾದಷ್ಟೇ ಕೊಡಿ. ಮಿಕ್ಕವರಿಂದ ತೆಗೆಯಿರಿ. ಬೈದರೆ ಬೈಸಿಕೊಳ್ಳಿ. ಆ ಹೆಣ್ಣುಮಗಳಿಗೆ ಇನ್ನು ಅದರಿಂದ ಏನೂ ಆಗಬೇಕಿಲ್ಲ. ನಿಮ್ಮನ್ನು ನಂಬಿ ಬರೆಯುವವಳು ಇನ್ನೂ ಒಬ್ಬಳಾದರೂ ಉಳಿದಿದ್ದಾಳೋ, ನನಗೆ ಗೊತ್ತಿಲ್ಲ.