ಬ್ಯಾಡಗಿ ಬಸ್ಸಿಗೆ ಮುಂಚೆ

ರಾಣೆಬೆನ್ನೂರು ಬಸ್ ನಿಲ್ದಾಣದಲ್ಲಿ ಹೇಮಂತರಾವ್ ಕುಳಿತಿದ್ದ ಬೆಂಚಿನ ಇನ್ನೊಂದು ತುದಿಯಲ್ಲಿ ಇಬ್ಬರು ಹಳೆಯ ಗೆಳೆಯರು ಜಗ್ಗಾಡುತ್ತಿದ್ದರು. ಹಲಗೇರಿಯ ಚಂದ್ರಪ್ಪ ಮನೆಗೆ ಮರಳುತ್ತೇನೆಂದರೆ ಗುಡ್ಡಪ್ಪ ಬಿಡಲೊಲ್ಲ.

"ತಂಗಿ ಮಗಳ ಮದುವಿಗೆ ಸೋದರಮಾವನ ಇಲ್ಲಂದ್ರ ಹೆಂಗೋ?"

"ಕೆಮ್ಮಿದ್ರ ಸಾಕು, ಉಚ್ಚಿ ಸೋರತೈತಿ. ಅಷ್ಟು ಮಂದಿ ಮುಂದ ಧೋತರ ತೊಯ್ದ್ರ?"

"ಪ್ರಾಸ್ಟೇಟ್ ಕ್ಯಾನ್ಸರ್ ಆಪರೇಶನ್ ಆದಮ್ಯಾಲೆ ನನಗೂ ಹಂಗ ಇತ್ತು. ಪ್ಯಾಡ್ ಹಾಕ್ಕೊಂಡೀಯಿಲ್ಲ?"

"ಹಾಕ್ಕೊಂಡೇನಿ. ಮುಂಜಾನಿಂದ ನೀರೂ ಕುಡದಿಲ್ಲ."

"ಅದ ತಪ್ಪು. ಚಾ ಕಡಿಮಿ ಮಾಡು, ನೀರು ಬಿಡಬ್ಯಾಡ. ಡಾಕ್ಟರ್ ಹೇಳಿದ ವ್ಯಾಯಾಮ ಮಾಡ್ತೀಯಿಲ್ಲ?"

"ನಾಚಿಕಿ ಬರತೈತಿ."

"ಯಾರಿಗೆ ಕಾಣತೈತಿ? ಉಚ್ಚಿ ತಡದಂಗ ಬಿಗಿ ಹಿಡಿ, ಬಿಡು. ನಾ ನಿನ್ನ ಜೋಡಿ ಮಾತಾಡ್ಕೋತ ಈಗೂ ಅದನ್ನ ಮಾಡಾಕತ್ತೇನಿ."

ಚಂದ್ರಪ್ಪನಿಗೆ ನಗು ತಡೆಯಲಾಗಲಿಲ್ಲ. "ನಗಿಸಬ್ಯಾಡೋ, ಸೋರತೈತಿ!"

"ಸೋರ್ಲಿ. ಪ್ಯಾಡ್ ಅದಕ್ಕ ಐತಿ. ನನ್ನ ಚೀಲದಾಗ ಇನ್ನೂ ಅದಾವು."

ಬ್ಯಾಡಗಿ ಬಸ್ ಬಂದು ನಿಂತಿತು. "ಮೊದಲ ಬಿಗಿ ಹಿಡಿ, ಆಮ್ಯಾಲೆ ಏಳು" ಎಂದ ಗುಡ್ಡಪ್ಪ. ಚಂದ್ರಪ್ಪ ನಿಧಾನವಾಗಿ ಎದ್ದ, ಬಗ್ಗಿ ಧೋತರ ನೋಡಿಕೊಂಡ. ಒಣಗಿಯೇ ಇತ್ತು. ಗೆಳೆಯನ ಬಾಟಲಿಯಿಂದ ಗಟಗಟ ನೀರು ಕುಡಿದು ಬಸ್ಸಿನತ್ತ ನಡೆದ.

ಅದೇ ಆಪರೇಶನ್‌ಗೆ ದಿನ ಗೊತ್ತಾಗಿದ್ದ ಹೇಮಂತರಾವ್, ಡಾಕ್ಟರ ಮುಂದೆ ಬಾಯಿಗೆ ಬಾರದ ಪ್ರಶ್ನೆಯನ್ನು ಹಿಡಿದುಕೊಂಡು ಗುಡ್ಡಪ್ಪನ ಹಿಂದೆ ಓಡಿದರು.

"ಯಜಮಾನ್ರ, ನಿಮಗ ಸೋರೋದು ಪೂರಾ ನಿಂತತೇನ್ರಿ?"

ಗುಡ್ಡಪ್ಪ ಅವರನ್ನು ಮೇಲಿಂದ ಕೆಳಗೆ ನೋಡಿದ. "ಪೂರಾ ಇಲ್ರಿ. ಭಾಳ ಕಡಿಮಿ ಆಗೇತಿ. ನಿಮ್ಮದು ಯಾವಾಗ?"

"ಮುಂದಿನ ವಾರ."

"ಹಂಗಾರ ವ್ಯಾಯಾಮ ಇವತ್ತ ಡಾಕ್ಟರ್‌ನ ಕೇಳಿ ಕಲೀರಿ" ಎಂದು ಅವನು ಬಸ್ ಹತ್ತಿದ.